ಬೆಕ್ಕಿಗೆ ಯಾವ ಭಾಷೆ ಬರುತ್ತೆ?

ಮೂರು ವರ್ಷದ ಹಿಂದೆ, ಇಲ್ಲಿನ ಕನ್ನಡ ಸಂಘವೊಂದರ ಯುಗಾದಿ ಊಟದಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಬಂದು ನನ್ನ ಪಕ್ಕದ ಎಲೆಗೆ ಕೂತರು. ಹೋಳಿಗೆ ಬಡಿಸುವ ಹೊತ್ತಿಗೆ ಹೆಗಲಚೀಲದಿಂದ ಇನ್ನೂರು ಪುಟದ ನೋಟ್‌ಬುಕ್ ಹೊರಬಂತು. "ನೀವು ಮಕ್ಕಳ ಪುಸ್ತಕ ಮಾಡಿಸಿಕೊಡ್ತೀರಂತೆ. ಇದರಲ್ಲಿ ಹದಿನಾಲ್ಕು ಕಥೆ ಇದಾವೆ, ಒಂದ್ಸಲ ನೋಡಿಯಮ್ಮಾ" ಅಂದರು. ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ಒಂದು ಕಾಟು ಇಲ್ಲ, ಒಂದು ತಿದ್ದುಪಡಿ ಇಲ್ಲ. ಪ್ರತಿ ಕಥೆಯ ಕೊನೆಗೆ ಕೆಂಪು ಇಂಕಿನಲ್ಲಿ 'ನೀತಿ' ಎಂದು ಬರೆದು ಅಡಿಗೆರೆ ಹಾಕಿದ್ದರು.

ನಾನು ಪುಸ್ತಕ ಮಾಡಿಸಿಕೊಡುವವಳಲ್ಲ. ಚೆನ್ನೈನಲ್ಲಿ ಮಕ್ಕಳ ಪುಸ್ತಕ ತರುವವರಿಗೆ ಕನ್ನಡ ಓದಿ ಹೇಳುವುದು ನನ್ನ ಕೆಲಸ. ಇಂಗ್ಲಿಷಿನಿಂದ ಕನ್ನಡಕ್ಕೆ ಬಂದ ಅನುವಾದ ತಿದ್ದುತ್ತೇನೆ. ಕನ್ನಡದಲ್ಲೇ ಬರೆದ ಹಸ್ತಪ್ರತಿ ಬಂದರೆ ಮೊದಲು ಓದಿ, ಮುಂದಕ್ಕೆ ಕಳಿಸಬಹುದೋ ಬೇಡವೋ ಅಂತ ಸಂಪಾದಕರಿಗೆ ಟಿಪ್ಪಣಿ ಬರೆಯುತ್ತೇನೆ. ಪುಸ್ತಕದ ಲೆಕ್ಕದಲ್ಲಿ ದುಡ್ಡು, ತಿಂಗಳ ಸಂಬಳವಿಲ್ಲ. ಮುಂಬೈ, ಪುಣೆ, ದೆಹಲಿ, ಹೈದರಾಬಾದಿನಲ್ಲಿರುವ ನಮ್ಮವರು ಸುಮಾರು ಜನ ನನಗೆ ಕೇಳುವ ಪ್ರಶ್ನೆ ಒಂದೇ: "ಮಕ್ಕಳ ಕಥೆ ಬರೆದಿದ್ದೇನೆ, ಯಾವ ಏಜೆಂಟಿಗೆ ಕಳಿಸಲಿ? ಅವರು ಏನು ನೋಡ್ತಾರೆ?" ಅವರಿಗೆಲ್ಲ ಉತ್ತರವಾಗಿ ಇದನ್ನು ಬರೆಯುತ್ತಿದ್ದೇನೆ. ಮೇಷ್ಟ್ರ ನೋಟ್‌ಬುಕ್ಕಿನ ಕಥೆಯನ್ನೂ ಜತೆಗೇ ಹೇಳುತ್ತೇನೆ, ಯಾಕೆಂದರೆ ನಾನು ಹೇಳಬೇಕಾದ್ದೆಲ್ಲ ಅದರಲ್ಲೇ ಇದೆ.

ಒಂದೂವರೆ ರೂಪಾಯಿಯ ಏಜೆಂಟು

ಮೊದಲು ಏಜೆಂಟಿನ ವಿಷಯ. ಲೇಖಕರ ಪರವಾಗಿ ಹಸ್ತಪ್ರತಿಯನ್ನು ಪ್ರಕಾಶಕರ ಬಳಿ ಒಯ್ದು, ಕರಾರು ಮಾತಾಡಿ, ಲೇಖಕರಿಗೆ ಬರುವ ಹಣದಲ್ಲಿ ಒಂದು ಪಾಲು, ಸಾಮಾನ್ಯವಾಗಿ ನೂರಕ್ಕೆ 15, ಇಟ್ಟುಕೊಳ್ಳುವವರೇ ಲಿಟರರಿ ಏಜೆಂಟರು. ಇಂಗ್ಲೆಂಡ್, ಅಮೆರಿಕದಲ್ಲಿ ದೊಡ್ಡ ಪ್ರಕಾಶಕರ ಬಾಗಿಲು ಹೆಚ್ಚಾಗಿ ತೆರೆಯುವುದು ಇವರು ತಟ್ಟಿದರೇ. ನಮ್ಮಲ್ಲೂ ಇಲ್ಲವೆಂದಲ್ಲ. 1997ರಲ್ಲಿ ಬೆಂಗಳೂರಿನಲ್ಲೇ ಜಕರಾಂಡ ಎಂಬ ಏಜೆನ್ಸಿ ಶುರುವಾಯಿತು. 2007ರಲ್ಲಿ ಜೈಪುರದಲ್ಲಿ ಸಿಯಾಹಿ ಬಂತು. ಆಮೇಲೆ ದೆಹಲಿ ಕಡೆ ಇನ್ನೂ ಕೆಲವರು ಬಂದರು. ಆದರೆ ಇವರೆಲ್ಲ ಬಹುಮಟ್ಟಿಗೆ ಇಂಗ್ಲಿಷಿನ ದೊಡ್ಡವರ ಪುಸ್ತಕ ನೋಡುವವರು.

ಕನ್ನಡದ ಚಿತ್ರಪುಸ್ತಕಕ್ಕೆ ಏಜೆಂಟು ಯಾಕಿಲ್ಲ ಅನ್ನುವುದನ್ನು ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಪುಸ್ತಕದ ಬೆಲೆ 200 ರೂಪಾಯಿ ಅಂತ ಹಿಡಿಯಿರಿ. ರಾಯಲ್ಟಿ ನೂರಕ್ಕೆ 10 ಅಂದರೆ 20 ರೂಪಾಯಿ. ಅದರಲ್ಲಿ ಅರ್ಧ ಚಿತ್ರಕಾರರಿಗೆ ಹೋದರೆ ಲೇಖಕರಿಗೆ 10. ಅದರ ನೂರಕ್ಕೆ 15 ಅಂದರೆ ಒಂದು ಪ್ರತಿಗೆ ಒಂದೂವರೆ ರೂಪಾಯಿ. ಇದನ್ನು ನಂಬಿ ಯಾರು ಆಫೀಸು ತೆರೆದಾರು?

ಹಾಗಾಗಿ ನಮ್ಮಲ್ಲಿ ಲೇಖಕರು ನೇರವಾಗಿ ಪ್ರಕಾಶಕರಿಗೇ ಬರೆಯಬೇಕು. ಬೇರೆ ದೇಶದಲ್ಲಿ ಏಜೆಂಟು ಮಾಡುವ ಮೊದಲ ಜರಡಿ ಹಿಡಿಯುವ ಕೆಲಸ ಇಲ್ಲಿ ನನ್ನಂಥವರ ಪಾಲಿಗೆ ಬರುತ್ತದೆ. ತಮಿಳಿನಲ್ಲಿ ಈಚೆಗೆ ಗಾಳಿ ಸ್ವಲ್ಪ ಬದಲಾಗಿದೆ. ಪ್ರತಿ ಜನವರಿ ಪೊಂಗಲ್ ಹೊತ್ತಿಗೆ ನಡೆಯುವ ಚೆನ್ನೈ ಪುಸ್ತಕ ಮೇಳ 1977ರಿಂದ ಇದೆ. ಅದರ ಜತೆಗೆ 2023ರಲ್ಲಿ ತಮಿಳುನಾಡು ಸರ್ಕಾರ ಚೆನ್ನೈ ಅಂತಾರಾಷ್ಟ್ರೀಯ ಪುಸ್ತಕ ಮೇಳ ಶುರುಮಾಡಿತು. ಅಲ್ಲಿ ಅನುವಾದದ ಹಕ್ಕನ್ನು ಕೊಡುವುದು, ಕೊಳ್ಳುವುದೇ ಮುಖ್ಯ ವ್ಯಾಪಾರ. ಅನುವಾದಕ್ಕೆ ಸರ್ಕಾರದ ಧನಸಹಾಯವೂ ಉಂಟು, ತಮಿಳು ಪುಸ್ತಕಗಳನ್ನು ಹೊರಗೆ ಒಯ್ಯಲು ಏಜೆಂಟರಿಗೆ ತರಬೇತಿಯೂ ಉಂಟು. ನಮ್ಮ ಕಡೆಯಿಂದ ಅಂಥದ್ದೊಂದು ಆದರೆ ಚೆನ್ನಾಗಿತ್ತು ಅಂತ ಆ ಮೇಳದ ಮಳಿಗೆಗಳ ನಡುವೆ ಓಡಾಡುವಾಗ ನನಗೆ ಅನ್ನಿಸಿದ್ದು ಸುಳ್ಳಲ್ಲ.

ವಡಪಳನಿಯಿಂದ ಬರುತ್ತಿದ್ದ ಚಂದಮಾಮ

ಕನ್ನಡದ ಮಕ್ಕಳ ಪುಸ್ತಕಕ್ಕೂ ಚೆನ್ನೈಗೂ ಎಲ್ಲಿಯ ನಂಟು ಅಂತ ಕೇಳುವವರಿದ್ದಾರೆ. ನಂಟು ಹಳೆಯದು. ನಾಗಿರೆಡ್ಡಿ ಮತ್ತು ಚಕ್ರಪಾಣಿ 1947ರ ಜುಲೈಯಲ್ಲಿ ಮದರಾಸಿನಲ್ಲಿ 'ಚಂದಮಾಮ'ವನ್ನು ತೆಲುಗು, ತಮಿಳಿನಲ್ಲಿ ಶುರುಮಾಡಿದರು. 1949ರ ಜುಲೈಗೆ ಕನ್ನಡ ಚಂದಮಾಮ ಬಂತು. ಶಿವಮೊಗ್ಗ ಜಿಲ್ಲೆಯ ನಮ್ಮ ಊರಿನ ಜಗಲಿಯಲ್ಲಿ ಕೂತು ಬೇತಾಳನ ಕಥೆ ಓದುತ್ತಿದ್ದಾಗ ಅದು ವಡಪಳನಿಯಲ್ಲಿ ಅಚ್ಚಾಗಿ ಬರುತ್ತಿದೆ ಅಂತ ನನಗೆ ಗೊತ್ತೇ ಇರಲಿಲ್ಲ. ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ ಹಿಡಿದ ವಿಕ್ರಮನನ್ನು ಬರೆದ ಶಂಕರ್ 2020ರಲ್ಲಿ ಇದೇ ಊರಿನಲ್ಲಿ ತೀರಿಕೊಂಡರು. ಮಹಾಭಾರತದ ಮುಖಪುಟಗಳನ್ನು ಬರೆದ ಎಂ.ಟಿ.ವಿ. ಆಚಾರ್ಯರು ನಮ್ಮ ಕನ್ನಡದವರೇ.

ಚಂದಮಾಮ ಹಲವು ಭಾಷೆಗಳಲ್ಲಿ ಬರುತ್ತಿತ್ತು. ಚಿತ್ರ ಒಂದೇ, ಅಕ್ಷರ ಮಾತ್ರ ಬೇರೆ ಬೇರೆ. 2013ರ ಹೊತ್ತಿಗೆ ಪತ್ರಿಕೆ ನಿಂತುಹೋಯಿತು, ಆ ಉಪಾಯ ಮಾತ್ರ ಉಳಿಯಿತು. 1996ರಲ್ಲಿ ರಾಧಿಕಾ ಮೆನನ್ ಶುರುಮಾಡಿದ ತೂಲಿಕಾ ಇವತ್ತು ಇಂಗ್ಲಿಷ್ ಸೇರಿ ಒಂಬತ್ತು ಭಾಷೆಗಳಲ್ಲಿ ಚಿತ್ರಪುಸ್ತಕ ತರುತ್ತದೆ, ಕನ್ನಡವೂ ಅದರಲ್ಲಿ ಒಂದು. ಅದೇ ವರ್ಷ ಶುರುವಾದ ಕರಡಿ ಟೇಲ್ಸ್ ಕಥೆಯನ್ನು ಕ್ಯಾಸೆಟ್ಟಿನಲ್ಲಿ ಕೇಳಿಸಿತು. 1994ರಲ್ಲಿ ಗೀತಾ ವುಲ್ಫ್ ಕಟ್ಟಿದ ತಾರಾ ಬುಕ್ಸ್ ತಿರುವಾನ್ಮಿಯೂರಿನಲ್ಲಿದೆ. ಅವರು ಗೊಂಡ ಕಲಾವಿದರ ಕೈಯಲ್ಲಿ ಮಾಡಿಸಿದ 'ದಿ ನೈಟ್ ಲೈಫ್ ಆಫ್ ಟ್ರೀಸ್', ಕೈಯಿಂದಲೇ ಕಪ್ಪು ಕಾಗದದ ಮೇಲೆ ಅಚ್ಚು ಹಾಕಿದ ಪುಸ್ತಕ, 2008ರಲ್ಲಿ ಬೊಲೊನ್ಯಾದ ಮಕ್ಕಳ ಪುಸ್ತಕ ಮೇಳದಲ್ಲಿ ಬಹುಮಾನ ಪಡೆಯಿತು. ಬೆಂಗಳೂರಿನಲ್ಲಿ 2004ರಿಂದ ಪ್ರಥಮ್ ಬುಕ್ಸ್ ಇದೆ. ಅವರ ಸ್ಟೋರಿವೀವರ್‌ನಲ್ಲಿ 2015ರಿಂದ ಯಾರು ಬೇಕಾದರೂ ಪುಕ್ಕಟೆ ಓದಬಹುದು, ಅನುವಾದ ಮಾಡಬಹುದು, ಹೊಸ ಕಥೆ ಹಾಕಬಹುದು.

ಹಲವು ಭಾಷೆಯ ಉಪಾಯ ಅಚ್ಚಿನ ಮನೆಯಲ್ಲಿ ಹೇಗೆ ನಡೆಯುತ್ತದೆ ಅಂತ ಹೇಳಿಬಿಡುತ್ತೇನೆ, ಬರೆಯುವವರಿಗೆ ಇದು ಗೊತ್ತಿರಬೇಕು. ಬಣ್ಣದ ಪುಸ್ತಕಕ್ಕೆ ನಾಲ್ಕು ಪ್ಲೇಟು: ನೀಲಿ, ಕೆಂಪು, ಹಳದಿ, ಕಪ್ಪು. ಅಕ್ಷರವೆಲ್ಲ ಕಪ್ಪು ಪ್ಲೇಟಿನಲ್ಲಿ ಮಾತ್ರ ಇದ್ದರೆ ಮೊದಲ ಮೂರು ಪ್ಲೇಟು ಎಲ್ಲ ಭಾಷೆಗೂ ಒಂದೇ. ತಮಿಳು ಮುಗಿಯಿತು, ಕಪ್ಪು ಪ್ಲೇಟು ಬದಲಿಸು, ಕನ್ನಡ ಓಡಿಸು. ಕನ್ನಡ ಒಂದನ್ನೇ ಅಚ್ಚು ಹಾಕಿದರೆ ಕೈಗೆಟುಕದ ಬಣ್ಣದ ಪುಸ್ತಕ ಹೀಗೆ ಕೈಗೆಟುಕುತ್ತದೆ. ಇದಕ್ಕೊಂದು ಬೆಲೆಯೂ ಇದೆ. ಚಿತ್ರದೊಳಗೆ ಬಣ್ಣದ ಅಕ್ಷರ ಬರೆಯುವಂತಿಲ್ಲ. ಒತ್ತಕ್ಷರ ಇಳಿಯಲು ಸಾಲಿನ ಕೆಳಗೆ ಜಾಗ ಬಿಡಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಕಥೆ ಒಂದು ಭಾಷೆಯಿಂದ ಇನ್ನೊಂದಕ್ಕೆ ಕಾಲ್ನಡಿಗೆಯಲ್ಲಾದರೂ ಹೋಗುವಂತಿರಬೇಕು.

ಇಲ್ಲಿ ನನ್ನ ಹೊಟ್ಟೆಯುರಿಯ ವಿಷಯ ಒಂದಿದೆ. ನನ್ನ ಮೇಜಿನ ಮೇಲೆ ಹಾದುಹೋಗುವ ಕನ್ನಡ ಪುಸ್ತಕಗಳಲ್ಲಿ ಬಹುಪಾಲು ಇಂಗ್ಲಿಷಿನಿಂದ ಬಂದವು. ಕನ್ನಡದಲ್ಲಿ ಹುಟ್ಟಿ, ಕನ್ನಡದಿಂದ ತಮಿಳಿಗೋ ಬಂಗಾಳಿಗೋ ಹೊರಟದ್ದು ಬಹಳ ಕಡಿಮೆ. ಸಂಪಾದಕರಿಗೆ ಮನಸ್ಸಿಲ್ಲ ಅಂತಲ್ಲ. ಕನ್ನಡದ ಒಳ್ಳೆಯ ಹಸ್ತಪ್ರತಿ ಇದ್ದರೆ ಹೇಳಿ ಅಂತ ಅವರೇ ಕೇಳುತ್ತಾರೆ. ನಮ್ಮವರು ಬರೆಯುವುದಿಲ್ಲ ಅಂತಲೂ ಅಲ್ಲ. ಹಾಗಾದರೆ ಎಲ್ಲಿ ತಪ್ಪುತ್ತಿದೆ?

ಯಾರ ಬಾಲ್ಯ?

ಎಲ್ಲಿ ತಪ್ಪುತ್ತದೆ ಅಂತ ನನಗೆ ಗೊತ್ತಾದದ್ದು ನನ್ನದೇ ಹಸ್ತಪ್ರತಿ ವಾಪಸ್ ಬಂದಾಗ. ಈ ಕೆಲಸಕ್ಕೆ ಬರುವ ಮೊದಲು ನಾನೂ ಒಂದು ಕಥೆ ಬರೆದಿದ್ದೆ. ಅಡಿಕೆ ತೋಟ, ಕೊಟ್ಟಿಗೆ, ಮಳೆಗಾಲದ ಹಲಸಿನ ಹಪ್ಪಳ, ಅಜ್ಜಿಯ ಸೆರಗು, ಎಲ್ಲ ಇತ್ತು. ಬರೆಯುವಾಗ ಕಣ್ಣು ಒದ್ದೆಯಾಗಿತ್ತು. ಒಂದು ಪ್ರಕಾಶನಕ್ಕೆ ಕಳಿಸಿದೆ, ಎರಡು ಸಾಲಿನ ಉತ್ತರ ಬಂತು: ಭಾಷೆ ಚೆನ್ನಾಗಿದೆ, ಆದರೆ ಇದರಲ್ಲಿರುವ ಮಗು ಏನೂ ಮಾಡುವುದಿಲ್ಲ. ಎಂಟು ದಿನ ಸಿಟ್ಟಿನಲ್ಲಿದ್ದೆ. ಆಮೇಲೆ ಮಗನಿಗೆ ಓದಿ ಹೇಳಿದೆ. ಆಗ ಅವನಿಗೆ ಆರು ವರ್ಷ, ಹುಟ್ಟಿದ್ದು ಬೆಳೆದದ್ದು ಇಲ್ಲೇ. "ಕೊಟ್ಟಿಗೆ ಅಂದ್ರೆ ಏನಮ್ಮಾ?" ಅಂದ. ಹೇಳಿದೆ. ಎರಡನೇ ಪುಟಕ್ಕೆ, "ಈ ಹುಡುಗಿ ಯಾಕೆ ಸುಮ್ಮನೆ ನೋಡ್ತಾನೇ ಇದಾಳೆ?" ಅಂದ.

ಆ ಹುಡುಗಿ ನಾನೇ ಆಗಿದ್ದೆ. ನಲವತ್ತು ವರ್ಷದ ಹೆಂಗಸು ಫ್ರಾಕು ಹಾಕಿಕೊಂಡು ಅಜ್ಜಿಮನೆಯ ಮುಂದೆ ನಿಂತು ನಿಟ್ಟುಸಿರು ಬಿಡುತ್ತಿದ್ದಳು.

ಊರು ಬಿಟ್ಟವರು ಬರೆದ ಮಕ್ಕಳ ಕಥೆಗಳಲ್ಲಿ ನಾನು ಅತಿ ಹೆಚ್ಚು ಕಾಣುವುದು ಇದನ್ನೇ. ಕಳೆದುಹೋದ ಊರಿನ ದುಃಖ ನಿಜವಾದದ್ದು, ಅದನ್ನು ಪ್ರಬಂಧವಾಗಿ ಬರೆದರೆ ನಾನೇ ಮೊದಲು ಓದುತ್ತೇನೆ. ಆದರೆ ಐದು ವರ್ಷದ ಮಗುವಿಗೆ ಕಳೆದುಕೊಂಡ ಊರು ಅಂತ ಒಂದಿಲ್ಲ. ಅದಕ್ಕೆ ಇರುವುದು ಇವತ್ತಿನ ಮನೆ, ಇವತ್ತಿನ ಮೆಟ್ಟಿಲು, ಇವತ್ತು ಕಳೆದ ಚಪ್ಪಲಿ. ಹಳ್ಳಿಯ ಕಥೆ ಬೇಡವೆನ್ನುತ್ತಿಲ್ಲ. ಹಳ್ಳಿಯಲ್ಲಿ ಇವತ್ತು ಇರುವ ಮಗುವಿನ ಕಥೆ ಬೇಕು: ಪಂಪು ಹಾಕಲು ಕರೆಂಟು ಕಾಯುವ ಅಪ್ಪ, ಶಾಲೆಯ ಬಿಸಿಯೂಟ, ಫೋನಿನಲ್ಲಿ ಸಿಗ್ನಲ್ ಹುಡುಕಿ ಗುಡ್ಡ ಹತ್ತುವ ಅಕ್ಕ. ಹಸ್ತಪ್ರತಿ ಕೈಗೆ ಬಂದಾಗ ನಾನು ಮೊದಲು ನೋಡುವುದು ಇಷ್ಟೇ: ಇದರಲ್ಲಿ ಒಂದು ಮಗು ಇದೆಯೇ, ಅದಕ್ಕೆ ಏನಾದರೂ ಬೇಕಾಗಿದೆಯೇ, ಅದು ತಾನೇ ಏನಾದರೂ ಮಾಡುತ್ತದೆಯೇ.

ಕೆಂಪು ಇಂಕಿನ ಜಗಳ

ಮೇಷ್ಟ್ರ ಹದಿನಾಲ್ಕು ಕಥೆಗಳಲ್ಲಿ ಮಕ್ಕಳಿದ್ದರು. ಎಲ್ಲರೂ ತಪ್ಪು ಮಾಡಿ ಬುದ್ಧಿ ಕಲಿಯುವವರು. ದೊಡ್ಡವರ ಮಾತು ಕೇಳದ ಹುಡುಗ ಕಾಡಿನಲ್ಲಿ ದಾರಿ ತಪ್ಪಿ ಅಳುತ್ತಾನೆ. ಸುಳ್ಳು ಹೇಳಿದ ಹುಡುಗಿಗೆ ಜ್ವರ ಬರುತ್ತದೆ. ಎರಡು ವಾರ ಬಿಟ್ಟು ಅವರ ಮನೆಗೇ ಹೋಗಿ, ನೋಟ್‌ಬುಕ್ ವಾಪಸ್ ಕೊಟ್ಟು, ಇವು ಆಗುವುದಿಲ್ಲ ಸರ್ ಅಂದೆ. ಅವರು ತುಮಕೂರು ಕಡೆಯವರು. ಹೆಂಡತಿ ತೀರಿಕೊಂಡ ಮೇಲೆ ಮಗನ ಫ್ಲಾಟಿಗೆ ಬಂದವರು. ಮುಖ ಸಣ್ಣದಾಯಿತು. "ಮೂವತ್ತೆರಡು ವರ್ಷ ಪಾಠ ಮಾಡಿದೀನಮ್ಮ. ಮಕ್ಕಳಿಗೆ ನೀತಿ ಬೇಡವೇ? ಪಂಚತಂತ್ರ ಏನು ಹಾಗಾದ್ರೆ?" ಅಂದರು.

ಕೇಳಬೇಕಾದ ಪ್ರಶ್ನೆಯೇ. ಆ ದಿನ ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ, ಕಾಫಿ ಕುಡಿದು ಎದ್ದು ಬಂದೆ. ಆಮೇಲೆ ಹೊಳೆದದ್ದು ಹೀಗೆ. ಪಂಚತಂತ್ರವನ್ನು ದುರ್ಗಸಿಂಹ ಕನ್ನಡಕ್ಕೆ ತಂದು ಹತ್ತಿರಹತ್ತಿರ ಸಾವಿರ ವರ್ಷವಾಯಿತು. ಅದರಲ್ಲಿ ನೀತಿ ಇದೆ ನಿಜ. ಆದರೆ ಅದು 'ಒಳ್ಳೆಯವನಾಗು' ಅನ್ನುವ ನೀತಿಯಾಗಿರುವುದಕ್ಕಿಂತ 'ಹುಷಾರಾಗಿರು' ಅನ್ನುವುದೇ ಹೆಚ್ಚು. ಮೊಲ ಸಿಂಹಕ್ಕೆ ಸುಳ್ಳು ಹೇಳಿಯೇ ಬದುಕುತ್ತದೆ. ಮೊಸಳೆಗೆ ಸುಳ್ಳು ಹೇಳಿಯೇ ಕೋತಿ ಮರ ಸೇರುತ್ತದೆ. ಮಕ್ಕಳಿಗೆ ಆ ಕಥೆ ಹಿಡಿಸುವುದು ಸಣ್ಣವನು ದೊಡ್ಡವನನ್ನು ಗೆದ್ದ ಅಂತ.

ನಮ್ಮ ಹಿರಿಯರೂ ಬರೀ ಬುದ್ಧಿ ಹೇಳುತ್ತ ಕೂತವರಲ್ಲ. ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯದಲ್ಲಿದ್ದ ಕಾಲದಲ್ಲಿ ಶಾಲೆಗಳ ಇನ್‌ಸ್ಪೆಕ್ಟರಾಗಿದ್ದ ಪಂಜೆ ಮಂಗೇಶರಾಯರು ಮಕ್ಕಳಿಗಾಗಿ 'ಸಿಗಡಿ ಯಾಕೆ ಒಣಗಲಿಲ್ಲ' ಬರೆದರು. ಹೆಸರೇ ಪ್ರಶ್ನೆ. ಕರಾವಳಿಯ ಅಂಗಳದಲ್ಲಿ ಸಿಗಡಿ ಒಣಹಾಕುವ ಮನೆಯ ಮಗುವಿಗೆ ಅದು ತನ್ನ ಮನೆಯದೇ ಪ್ರಶ್ನೆ. ತೆಲುಗಿನ ಮಕ್ಕಳಿಗೆ ಗೊತ್ತಿರುವ ಏಳು ಮೀನಿನ ಕಥೆಯೂ ಇದೇ ಜಾತಿಯದು: ಮೀನು ಯಾಕೆ ಒಣಗಲಿಲ್ಲ ಎಂದು ಹೊರಟು ಹುಲ್ಲು, ಹಸು ಅಂತ ಕೇಳುತ್ತ ಕೇಳುತ್ತ ಇರುವೆಯ ತನಕ ಹೋಗುತ್ತದೆ. 1936ರಲ್ಲಿ ಶಿವರಾಮ ಕಾರಂತರು 'ಬಾಲ ಪ್ರಪಂಚ' ತಂದಾಗ ಮಕ್ಕಳಿಗೆ ಕೊಟ್ಟದ್ದು ಜಗತ್ತಿನ ಮಾಹಿತಿ. ಮಗು ತಿಳಿಯಬಲ್ಲದು ಅನ್ನುವ ನಂಬಿಕೆ ಇಲ್ಲದಿದ್ದರೆ ಅಷ್ಟು ದೊಡ್ಡ ಕೆಲಸಕ್ಕೆ ಯಾರೂ ಕೈಹಾಕುವುದಿಲ್ಲ.

ಚೆನ್ನೈಯ ಪುಸ್ತಕಗಳನ್ನೇ ನೋಡಿ. ಮಹಾಶ್ವೇತಾ ದೇವಿ ಬರೆದು ಕನ್ಯಿಕಾ ಕಿಣಿ ಚಿತ್ರ ಬರೆದ ತೂಲಿಕಾದ 'ದಿ ವೈ-ವೈ ಗರ್ಲ್'ನಲ್ಲಿ ಮೊಯ್ನಾ ಎಂಬ ಬುಡಕಟ್ಟಿನ ಹುಡುಗಿ ಎಲ್ಲದಕ್ಕೂ ಯಾಕೆ ಯಾಕೆ ಅಂತ ಕೇಳುತ್ತಾಳೆ. ಅನ್ಯಾಯ ತಪ್ಪು ಎಂದು ಯಾರೂ ಭಾಷಣ ಮಾಡುವುದಿಲ್ಲ, ಅವಳ ಪ್ರಶ್ನೆಯೇ ಸಾಕು. ಅನುಷ್ಕಾ ರವಿಶಂಕರ್ ಬರೆದು ಪುಲಕ್ ಬಿಸ್ವಾಸ್ ಚಿತ್ರ ಬರೆದ ತಾರಾದ 'ಟೈಗರ್ ಆನ್ ಎ ಟ್ರೀ'ಯಲ್ಲಿ ಹುಲಿ ಮರ ಹತ್ತುತ್ತದೆ, ಜನ ಹಿಡಿಯುತ್ತಾರೆ, ಬಿಟ್ಟುಬಿಡುತ್ತಾರೆ. ನೀತಿ ಹುಡುಕಿದರೆ ಹುಲಿಗೇ ನಗು ಬರಬೇಕು. ಮಕ್ಕಳು ಮಾತ್ರ ಮತ್ತೆ ಮತ್ತೆ ಓದಿಸುತ್ತಾರೆ.

ಅರ್ಧ ಕಥೆ ಚಿತ್ರಕಾರರದ್ದು

ಮೂರನೆಯ ಮಾತು ಉದ್ದದ್ದು. ಚಿತ್ರಪುಸ್ತಕ ಸಾಮಾನ್ಯವಾಗಿ 24 ಇಲ್ಲವೇ 32 ಪುಟ. ಕಾಗದವನ್ನು ಎಂಟು ಅಥವಾ ಹದಿನಾರು ಪುಟದ ಫಾರಂ ಆಗಿ ಮಡಚುವುದರಿಂದ ಈ ಲೆಕ್ಕ. ಹೆಸರಿನ ಪುಟ, ಪ್ರಕಾಶನದ ವಿವರ ತೆಗೆದರೆ ಕಥೆಗೆ ಉಳಿಯುವುದು ಹತ್ತರಿಂದ ಹದಿನಾಲ್ಕು ಜೋಡಿಪುಟ. ಹಾಳೆಯನ್ನು ಅಷ್ಟು ಚೌಕ ಮಾಡಿ ನಿಮ್ಮ ಕಥೆಯನ್ನು ಹಂಚಿ ನೋಡಿ. ಐದು ಚೌಕದಲ್ಲಿ ಜನ ಕೂತು ಮಾತಾಡುತ್ತಲೇ ಇದ್ದರೆ ಚಿತ್ರಕಾರರು ಏನು ಬರೆಯಬೇಕು?

ಬರುವ ಹಸ್ತಪ್ರತಿಗಳಲ್ಲಿ "ಕೆಂಪು ಲಂಗ, ಹಸಿರು ರವಿಕೆ ತೊಟ್ಟ, ಎರಡು ಜಡೆಯ ಪುಟ್ಟಿ ನೀಲಿ ಬಾಗಿಲನ್ನು ಮೆಲ್ಲಗೆ ತೆರೆದಳು" ಎಂಬಂಥ ವಾಕ್ಯ ಬಹಳ ಇರುತ್ತವೆ. ಲಂಗ, ರವಿಕೆ, ಜಡೆ, ನೀಲಿ, ಎಲ್ಲ ಚಿತ್ರದಲ್ಲಿ ಕಾಣುತ್ತದೆ. ಬರಹದಲ್ಲಿ ಉಳಿಯಬೇಕಾದ್ದು "ಪುಟ್ಟಿ ಬಾಗಿಲು ತೆರೆದಳು" ಅಷ್ಟೇ. ಪುಟ ತಿರುಗಿಸಿದರೆ ಬಾಗಿಲ ಹಿಂದೆ ಏನಿತ್ತು ಅಂತ ಚಿತ್ರ ಹೇಳುತ್ತದೆ. ಐದುನೂರು ಪದದೊಳಗೆ ಕಥೆ ಮುಗಿದರೆ ಒಳ್ಳೆಯದು, ಮುನ್ನೂರಾದರೆ ಇನ್ನೂ ಒಳ್ಳೆಯದು.

ಇಷ್ಟು ಕಡಿಮೆ ಪದ ಇರುವಾಗ ಒಂದೊಂದು ಪದವೂ ಕಿವಿಗೆ ಬೀಳುತ್ತದೆ. ನಾನು ಹಸ್ತಪ್ರತಿಯನ್ನು ಅಡುಗೆಮನೆಯಲ್ಲಿ ನಿಂತು ಗಟ್ಟಿಯಾಗಿ ಓದುತ್ತೇನೆ. ಅಶೋಕ್ ರಾಜಗೋಪಾಲನ್ ಅವರ 'ಗಜಪತಿ ಕುಲಪತಿ'ಯಲ್ಲಿ ಆನೆಗೆ ನೆಗಡಿಯಾಗುತ್ತದೆ. ಆನೆಯ ಸೀನಿಗಾಗಿ ಮಕ್ಕಳು ಉಸಿರು ಹಿಡಿದು ಕಾಯುವುದನ್ನು ನೀವು ಒಂದು ಸಲ ನೋಡಬೇಕು. ಆ ಸೀನು ಯಾವ ಭಾಷೆಗೆ ಹೋದರೂ ಸೀನೇ. ಕನ್ನಡದಲ್ಲಿ ನಮಗೆ ದಬದಬ, ಗಿರಗಿರ, ಚಟಪಟ, ಪುಳಕ್ಕನೆ ಅಂತ ಬೇಕಾದಷ್ಟು ಆಸ್ತಿ ಇದೆ. ಆದರೂ ಬರೆಯಲು ಕೂತಾಗ "ಅತ್ಯಂತ ವೇಗವಾಗಿ ಧಾವಿಸಿದನು" ಅನ್ನುತ್ತೇವೆ. 'ಮಾಡುತ್ತಾನೆ' ಬೇಕೋ 'ಮಾಡ್ತಾನೆ' ಬೇಕೋ ಅಂತಲೂ ಕೇಳುತ್ತಾರೆ. ಕಥೆ ಹೇಳುವ ಸಾಲು ಪುಸ್ತಕದ ಕನ್ನಡದಲ್ಲಿರಲಿ, ಮಾತು ಬಾಯಿಯ ಕನ್ನಡದಲ್ಲಿರಲಿ ಅಂತ ನಾನು ಹೇಳುತ್ತೇನೆ. ಆಗಷ್ಟೇ ಅಕ್ಷರ ಕೂಡಿಸಿ ಓದುವ ಮಕ್ಕಳಿಗಾದರೆ ಒತ್ತಕ್ಷರ ಕಡಿಮೆ ಇರಲಿ. ಮನೆಯ ಹೊರಗೆ ಕನ್ನಡ ಬೋರ್ಡೇ ಕಾಣದ ಊರುಗಳ ಮಕ್ಕಳಿಗೆ 'ಸ್ತ್ರ' ದಾಟುವುದು ಬೆಟ್ಟ ದಾಟಿದ ಹಾಗೆ.

ಮೆಟ್ಟಿಲ ಕೆಳಗಿನ ಬೆಕ್ಕು

ನೋಟ್‌ಬುಕ್ ವಾಪಸ್ ಕೊಟ್ಟ ಮೇಲೆ ಮೇಷ್ಟ್ರು ಸಂಘಕ್ಕೆ ಬರುವುದು ಕಡಿಮೆ ಮಾಡಿದರು. ನನಗೆ ಮುಳ್ಳು ಚುಚ್ಚಿದ ಹಾಗಾಯಿತು. ರಾಜ್ಯೋತ್ಸವಕ್ಕೆ ಸಿಕ್ಕಾಗ ನಾನೇ ಹೋಗಿ ಮಾತಾಡಿಸಿದೆ. ಕಥೆಯ ಸುದ್ದಿ ಇಬ್ಬರೂ ಎತ್ತಲಿಲ್ಲ. ಮೊಮ್ಮಗಳು ಹೇಗಿದ್ದಾಳೆ ಅಂದೆ.

"ಅಯ್ಯೋ, ಅವಳದೊಂದು ದೊಡ್ಡ ಕಥೆ" ಅಂದರು. ಅವರ ಅಪಾರ್ಟ್‌ಮೆಂಟಿನ ಮೆಟ್ಟಿಲ ಕೆಳಗೆ ಒಂದು ಬೆಕ್ಕಿದೆ. ಅಜ್ಜ ದಿನಾ ಬೆಳಿಗ್ಗೆ "ಬಾ ಪುಟ್ಟ, ಹಾಲು ಕುಡಿ" ಅಂತ ಕರೆದು ಹಾಲು ಹಾಕುತ್ತಾರೆ. ವಾಚ್‌ಮನ್ ತಮಿಳಿನಲ್ಲಿ ಕರೆದರೆ ಬೆಕ್ಕು ತಿರುಗಿಯೂ ನೋಡುವುದಿಲ್ಲ. ಹಾಗಾಗಿ ಬೆಕ್ಕಿಗೆ ಕನ್ನಡ ಮಾತ್ರ ಬರುತ್ತದೆ ಅಂತ ಐದು ವರ್ಷದ ಮೊಮ್ಮಗಳು ತೀರ್ಮಾನಿಸಿದ್ದಾಳೆ. ಅಜ್ಜ ಒಂದು ತಿಂಗಳು ಊರಿಗೆ ಹೊರಟಾಗ ಅವಳಿಗೆ ಚಿಂತೆ: ಶಾಲೆಗೆ ಹೋದ ಹೊತ್ತಿನಲ್ಲಿ ಬೆಕ್ಕನ್ನು ಯಾರು ಕರೆಯುತ್ತಾರೆ? ಕೊನೆಗೆ ವಾಚ್‌ಮನ್ ಅಣ್ಣನನ್ನು ಕೂರಿಸಿಕೊಂಡು ಅವನಿಗೆ ಕನ್ನಡ ಕಲಿಸಿದಳಂತೆ. 'ಹಾಲು' ಅನ್ನಲು ಅವನಿಗೆ ಬರುವುದಿಲ್ಲ, 'ಪಾಲು' ಅನ್ನುತ್ತಾನೆ. "ಪ ಅಲ್ಲ ಅಣ್ಣಾ, ಹ, ಹ" ಅಂತ ಇವಳು ಬಾಯಿಂದ ಗಾಳಿ ಬಿಟ್ಟು ತೋರಿಸುತ್ತಿದ್ದಳಂತೆ.

ನಾನು ಕಾಫಿ ಲೋಟ ಕೆಳಗಿಟ್ಟೆ. "ಸರ್, ಇದನ್ನು ಬರೀರಿ."

"ಇದೇನು ಕಥೆಯಮ್ಮ, ಮನೆಯ ಮಾತು" ಅಂದರು.

"ಹಾಗೇ ಬರೀರಿ. ಮನೆಯ ಮಾತಿನ ಹಾಗೆ."

ಒಂದು ತಿಂಗಳಿಗೆ ನಾಲ್ಕು ಹಾಳೆ ಬಂತು. ಇದರಲ್ಲಿ ಎಲ್ಲ ಇತ್ತು: ಏನೋ ಬೇಕಾಗಿರುವ ಮಗು, ತಾನೇ ಹುಡುಕಿದ ಉಪಾಯ, ಗಟ್ಟಿಯಾಗಿ ಓದಿದರೆ ನಗು ತರಿಸುವ ಹ-ಪ ಪಾಠ, ಚಿತ್ರಕ್ಕೆ ಮೆಟ್ಟಿಲು, ಗೇಟು, ಬೆಕ್ಕಿನ ಬಾಲ. ತಮಿಳಿಗೆ ಹೋದರೆ ಅಲ್ಲಿನ ಮಗು ಎರಡು ಕನ್ನಡ ಪದ ಕಲಿಯುತ್ತದೆ. ಅಜ್ಜ ಊರಿಂದ ಬಂದು "ಬಾ ಪುಟ್ಟ" ಅಂದರೆ ಬೆಕ್ಕು ವಾಚ್‌ಮನ್ ಕಾಲಡಿಯಲ್ಲಿ ಕೂತು ಕಣ್ಣು ಮುಚ್ಚಿಕೊಂಡೇ ಇರುತ್ತದೆ. ಅಲ್ಲಿಗೆ ನನಗೆ ಜೋರಾಗಿ ನಗು ಬಂತು. ಹಾಳೆ ತಿರುವಿದೆ. ಕೊನೆಯ ಪುಟದಲ್ಲಿ ಅಜ್ಜ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮಾತೃಭಾಷೆಯನ್ನು ಪ್ರೀತಿಸಬೇಕು, ಪರಭಾಷೆಯನ್ನು ಗೌರವಿಸಬೇಕು ಅಂತ ಹನ್ನೆರಡು ಸಾಲು ಹೇಳುತ್ತಾರೆ. ಕೆಂಪು ಇಂಕು ಇರಲಿಲ್ಲ, ಅಷ್ಟೇ.

ಆ ಪುಟ ತೆಗೆಯೋಣ ಸರ್ ಅಂದೆ. ಅವರು ಒಪ್ಪಲಿಲ್ಲ. "ಅದಕ್ಕೋಸ್ಕರವೇ ಅಲ್ಲವಾ ನಾನು ಬರೆದದ್ದು?" ಅಂದರು. ಆ ಪ್ರಶ್ನೆಯಲ್ಲಿ ಕೋಪಕ್ಕಿಂತ ಹೆದರಿಕೆ ಹೆಚ್ಚಿತ್ತು ಅಂತ ನನಗೆ ಈಗ ಅನ್ನಿಸುತ್ತದೆ. ಮೊಮ್ಮಗಳಿಗೆ ಶಾಲೆಯಲ್ಲಿ ಕನ್ನಡವಿಲ್ಲ. ಅಜ್ಜ ಇರುವ ತನಕ ಮನೆಯಲ್ಲಿ ಕನ್ನಡ, ಆಮೇಲೆ ಹೇಗೋ ಏನೋ. ಆ ಹನ್ನೆರಡು ಸಾಲು ಬರೆದದ್ದು ಬೇರೆ ಮಕ್ಕಳಿಗಲ್ಲ. ನನ್ನ ಮಗನೂ ಈಗ ನನಗೆ ಮೆಸೇಜು ಕಳಿಸುವುದು ಇಂಗ್ಲಿಷ್ ಅಕ್ಷರದಲ್ಲಿ, ಆದ್ದರಿಂದ ಆ ಹೆದರಿಕೆ ನನಗೆ ಗೊತ್ತಿಲ್ಲದ್ದೇನಲ್ಲ. ನಾನು ಒತ್ತಾಯ ಮಾಡಲಿಲ್ಲ. ನಾಲ್ಕು ತಿಂಗಳು ಹಾಳೆ ನನ್ನ ಮೇಜಿನಲ್ಲೇ ಇತ್ತು.

ಕಳಿಸುವ ಮೊದಲು

ನಡುವೆ, ಕಳಿಸುವವರಿಗೆ ಉಪಯೋಗಕ್ಕೆ ಬರುವ ನಾಲ್ಕು ಮಾತು ಹೇಳಿಬಿಡುತ್ತೇನೆ. ಆಯಾ ಪ್ರಕಾಶಕರ ನಿಯಮ ಓದಿ, ಅವರ ಐದಾರು ಪುಸ್ತಕವನ್ನಾದರೂ ಓದಿ ಆಮೇಲೆ ಕಳಿಸಿ. ಹದಿನಾಲ್ಕು ಕಥೆ ಒಟ್ಟಿಗೆ ಬೇಡ, ಒಳ್ಳೆಯದು ಒಂದು ಸಾಕು. ಯುನಿಕೋಡಿನಲ್ಲಿ ಟೈಪ್ ಮಾಡಿ. ಹಳೆಯ ನುಡಿ ಫಾಂಟಿನಲ್ಲಿ ಕಳಿಸಿದರೆ ಇಲ್ಲಿನ ಕಂಪ್ಯೂಟರಿನಲ್ಲಿ ಅದು ಯಾವ ಭಾಷೆಯೂ ಆಗಿರುವುದಿಲ್ಲ. ಸಂಪಾದಕರಿಗೆ ಕನ್ನಡ ಬರದೆ ಇರಬಹುದು, ಕಥೆ ಏನು ಅಂತ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯಿರಿ. ನೀವೇ ಚಿತ್ರಕಾರರಲ್ಲದಿದ್ದರೆ ಚಿತ್ರ ಬರೆಸಿ ಕಳಿಸಬೇಡಿ, ಆ ಆಯ್ಕೆ ಪ್ರಕಾಶಕರದ್ದು. ಪುಸ್ತಕ ಅಚ್ಚು ಹಾಕಲು ನಿಮ್ಮಿಂದಲೇ ದುಡ್ಡು ಕೇಳಿದರೆ ಅದು ಬೇರೆ ವ್ಯವಹಾರ, ಯೋಚಿಸಿ ಕೈಹಾಕಿ. ಉತ್ತರಕ್ಕೆ ಮೂರ್ನಾಲ್ಕು ತಿಂಗಳು ಕಾಯಿರಿ. ಬೇಡವೆಂದರೆ ಕಥೆ ಕೆಟ್ಟದ್ದೆಂದೇ ಅರ್ಥವಲ್ಲ. ಅಂಥದೇ ಬೆಕ್ಕಿನ ಪುಸ್ತಕ ಅವರಲ್ಲಿ ಆಗಲೇ ಇರಬಹುದು.

ಎಲ್ಲಕ್ಕಿಂತ ಮೊದಲು, ಒಂದು ಮಗುವಿಗೆ ಓದಿ ಹೇಳಿ. ನಿಮ್ಮದೇ ಮಗುವಾದರೆ ನಿಮ್ಮ ಮುಖ ನೋಡಿ ನಗುತ್ತದೆ, ಪಕ್ಕದ ಮನೆಯದಾದರೆ ಒಳ್ಳೆಯದು. ಚೆನ್ನಾಗಿದೆಯಾ ಅಂತ ಕೇಳಬೇಡಿ. ಯಾವ ಜಾಗದಲ್ಲಿ ಕಾಲು ಅಲ್ಲಾಡಿಸಲು ಶುರುಮಾಡುತ್ತದೆ ಅಂತ ನೋಡಿ ಅಲ್ಲಿ ಗುರುತು ಹಾಕಿಕೊಳ್ಳಿ.

ಈ ಮಾತನ್ನು ನಾನು ಮೇಷ್ಟ್ರಿಗೂ ಹೇಳಿದ್ದೆ. ಹೋದ ಜೂನಿನಲ್ಲಿ ಒಂದು ಸಂಜೆ ಅವರ ಫೋನು ಬಂತು.

"ಕೊನೇ ಪುಟ ತೆಗೆದೆ ಕಣಮ್ಮ."

"ಯಾಕೆ ಸರ್?"

"ನಾನಲ್ಲ, ಅವಳು ತೆಗೆದಳು. ಓದ್ತಾ ಇದ್ದೆ. ಬೆಕ್ಕು ಕಣ್ಣು ಮುಚ್ಚಿತಲ್ಲ, ಅಲ್ಲಿಗೆ ಕಿಸಕ್ಕಂತ ನಕ್ಕು ತೊಡೆಯಿಂದ ಇಳಿದು ಕೆಳಗೆ ಓಡಿದಳು. ಬೆಕ್ಕು ನೋಡೋಕೆ. ನಾನು ಆ ಹನ್ನೆರಡು ಸಾಲು ಗೋಡೆಗೆ ಓದಬೇಕಾಯ್ತು." ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೆಳಗಿಂದ ಕೂಗ್ತಾ ಇದ್ದಳು, ಹಾಲು, ಹಾಲು ಅಂತ. ಅದು ಕೇಳ್ತಲ್ಲ, ಸಾಕು ಅನ್ನಿಸ್ತು" ಅಂದರು.

ಮರುದಿನವೇ ಕಥೆಯನ್ನು ಟೈಪ್ ಮಾಡಿ ಸಂಪಾದಕರಿಗೆ ಕಳಿಸಿದೆ. ಅವರಿಂದ ಒಂದು ಪ್ರಶ್ನೆ ಬಂದಿದೆ: ಹಿಂದಿ, ಬಂಗಾಳಿಗೆ ಹೋದಾಗ ಬೆಕ್ಕಿಗೆ ಯಾವ ಭಾಷೆ ಬರಬೇಕು? ಕನ್ನಡವೇ ಇರಲಿ ಅಂತ ಟಿಪ್ಪಣಿ ಬರೆದಿದ್ದೇನೆ. ಇನ್ನೂ ಉತ್ತರ ಬಂದಿಲ್ಲ. ಮೇಷ್ಟ್ರು ವಾರಕ್ಕೊಮ್ಮೆ ಫೋನು ಮಾಡುತ್ತಾರೆ. ಕಥೆಯ ಬಗ್ಗೆ ಕೇಳುವುದಿಲ್ಲ. ವಾಚ್‌ಮನ್ ಈಗ ಹೊಸದಾಗಿ ಯಾವ ಕನ್ನಡ ಪದ ಕಲಿತ ಅಂತ ಹೇಳುತ್ತಾರೆ.